ಆಟಕ್ಕೆ ಮೊದಲು ಆರು ಜನರ ಜಾತಕ

ಡಿಪ್ಲೊಮಸಿ ಅನ್ನುವ ಬೋರ್ಡ್ ಆಟದಲ್ಲಿ ದಾಳ ಇಲ್ಲ. ನಿಮಗೆ ಯಾವ ದೇಶ ಬರುತ್ತದೆ ಅನ್ನುವುದೊಂದು ಬಿಟ್ಟರೆ ಅದೃಷ್ಟಕ್ಕೆ ಜಾಗವೇ ಇಲ್ಲ. ಅಲನ್ ಕ್ಯಾಲ್‌ಹ್ಯಾಮರ್ ಅನ್ನುವವರು ರೂಪಿಸಿ 1959ರಲ್ಲಿ ಹೊರತಂದ ಈ ಆಟದಲ್ಲಿ ನಕ್ಷೆ ಯುರೋಪಿನದು, ಕಾಲ 1901ರಿಂದ ಶುರು. ಏಳು ಜನ, ಏಳು ದೇಶ, 34 ಸಪ್ಲೈ ಸೆಂಟರ್, ಅಂದರೆ ಪಡೆಗಳನ್ನು ಸಾಕುವ ಜಾಗಗಳು. ಅದರಲ್ಲಿ 18 ಹಿಡಿದವರು ಗೆದ್ದ ಹಾಗೆ. ವರ್ಷಕ್ಕೆ ವಸಂತ, ಶರತ್ಕಾಲ ಅಂತ ಎರಡು ಸರದಿ. ಪ್ರತಿ ಸರದಿಗೂ ಎಲ್ಲರೂ ಗುಟ್ಟಾಗಿ ಆರ್ಡರ್, ಅಂದರೆ ತಮ್ಮ ಪಡೆಗಳ ನಡೆ, ಬರೆಯುತ್ತಾರೆ, ಎಲ್ಲವೂ ಒಂದೇ ಸಲ ಬಯಲಾಗುತ್ತದೆ.

ರಷ್ಯಾಕ್ಕೆ ನಾಲ್ಕು ಪಡೆ, ಮಿಕ್ಕವರಿಗೆಲ್ಲ ಮೂರು. ಎಲ್ಲ ಪಡೆಗೂ ಬಲ ಒಂದೇ. ನಿಂತಿರುವ ಒಬ್ಬನನ್ನು ಎಬ್ಬಿಸಬೇಕಾದರೆ ಇನ್ನೊಂದು ಪಡೆಯ ಸಪೋರ್ಟ್ ಬೇಕೇ ಬೇಕು. ಮೂರು ಪಡೆ ಇಟ್ಟುಕೊಂಡು ಒಬ್ಬರೇ ಎಷ್ಟು ದೂರ ಹೋಗಲಾಗುತ್ತದೆ ಹೇಳಿ? ಯಾರನ್ನಾದರೂ ನಂಬಲೇಬೇಕು. ಆಮೇಲೆ ಯಾವಾಗಲೋ ಒಂದು ದಿನ ನೀವು ಅವರಿಗೆ ಕೈ ಕೊಡುತ್ತೀರಿ, ಇಲ್ಲವೇ ಅವರು ನಿಮಗೆ ಕೊಡುತ್ತಾರೆ.

ಹಾಗಾಗಿ ಹೆಸರು ಕಾಣುವ ಪಂದ್ಯವಾದರೆ, ಮೊದಲ ಸಂದೇಶ ಕಳಿಸುವ ಮುಂಚೆಯೇ ನಾನು ಆರೂ ಜನರ ಹಳೆಯ ಪಂದ್ಯಗಳನ್ನು ತೆಗೆದು ನೋಡುತ್ತೇನೆ. ಆನ್‌ಲೈನ್‌ನಲ್ಲಿ ಮುಗಿದ ಪಂದ್ಯಗಳ ನಕ್ಷೆ, ಆರ್ಡರ್ ಎಲ್ಲ ಸಾಮಾನ್ಯವಾಗಿ ಉಳಿದಿರುತ್ತವೆ. ಮಾತುಕತೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಆರ್ಡರ್ ಸುಳ್ಳು ಹೇಳುವುದಿಲ್ಲ.

ರೇಟಿಂಗ್ ನೋಡುತ್ತೇನೆ, ಆದರೆ ಅದಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ. ಚೆಸ್‌ನಲ್ಲಿ ಈಲೋ ರೇಟಿಂಗ್ ವ್ಯತ್ಯಾಸ 200 ಇದ್ದರೆ ಮೇಲಿನವರಿಗೆ ಸರಾಸರಿ ಮುಕ್ಕಾಲು ಅಂಕ ಸಿಗುತ್ತದೆ ಅಂತ ಲೆಕ್ಕ ಹಾಕಬಹುದು. ಅಲ್ಲಿ ಎದುರಿಗಿರುವುದು ಒಬ್ಬರೇ. ಇಲ್ಲಿ ಏಳು ಜನ. ರೇಟಿಂಗ್ ಎತ್ತರದಲ್ಲಿದ್ದಷ್ಟೂ ಮಿಕ್ಕವರು ಸೇರಿ ಮೊದಲು ಅವರನ್ನೇ ಮುಗಿಸೋಣ ಅನ್ನುವ ಅಪಾಯ ಜಾಸ್ತಿ. ನಿಜ ಹೇಳಬೇಕೆಂದರೆ, ಅಂಥವರು ಪಕ್ಕದ ದೇಶದಲ್ಲಿದ್ದರೆ ನನಗೆ ಖುಷಿ. ಬೇರೆಯವರನ್ನು ಅವರ ಮೇಲೆ ಛೂ ಬಿಡುವುದು ಸುಲಭ.

ಮೊದಲು ನೋಡುವುದು ಹಾಜರಿ. ಗಡುವಿನೊಳಗೆ ಆರ್ಡರ್ ಹಾಕದಿದ್ದರೆ ಪಡೆಗಳು ಇದ್ದಲ್ಲೇ ನಿಲ್ಲುತ್ತವೆ. ಮಿತ್ರನೊಬ್ಬ ಆರ್ಡರ್ ಹಾಕಲು ಮರೆತರೆ, ಅವನ ಸಪೋರ್ಟ್ ನಂಬಿ ಮುಂದೆ ಹೋದ ನನ್ನ ಪಡೆ ಬಯಲಲ್ಲಿ ನಿಂತಿರುತ್ತದೆ. ದ್ರೋಹ ಮಾಡುವವನಿಗಿಂತ ಇವನೇ ಹೆಚ್ಚು ಅಪಾಯ ಅಂತ ನನ್ನ ಅಭಿಪ್ರಾಯ. ದ್ರೋಹಕ್ಕೆ ಒಂದು ಲೆಕ್ಕ ಇರುತ್ತದೆ, ಮರೆವಿಗೆ ಇರುವುದಿಲ್ಲ. ಹೆಚ್ಚಿನ ತಾಣಗಳಲ್ಲಿ ಇದಕ್ಕೊಂದು ಶೇಕಡಾವಾರು ಅಂಕ ಇರುತ್ತದೆ, ನೋಡಲು ಅರ್ಧ ನಿಮಿಷ ಸಾಕು.

ಎರಡನೆಯದು, ಅವರ ಪ್ರಕಾರ ಗೆಲುವು ಅಂದರೆ ಏನು. ಇದು ಅಂಕ ಹಂಚುವ ಪದ್ಧತಿಗೂ ಸೇರಿದ ವಿಷಯ. ಕೆಲವು ಕಡೆ ಯಾರೂ 18 ತಲುಪದೆ ಡ್ರಾ ಆದರೆ ಉಳಿದವರೆಲ್ಲ ಅಂಕಗಳನ್ನು ಸಮವಾಗಿ ಹಂಚಿಕೊಳ್ಳುತ್ತಾರೆ. ಅಲ್ಲಿ ನಾಲ್ಕು ಜನ ಉಳಿದಿದ್ದರೆ, ಒಬ್ಬ ಚಿಕ್ಕವನನ್ನು ಮುಗಿಸಿ ಮೂವರಾಗೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಇನ್ನು ಕೆಲವು ಕಡೆ ಸೆಂಟರ್‌ಗಳ ವರ್ಗದ ಲೆಕ್ಕದಲ್ಲಿ ಹಂಚುತ್ತಾರೆ. ಹತ್ತು ಸೆಂಟರ್ ಇದ್ದವನಿಗೆ ಐದು ಇದ್ದವನ ಎರಡರಷ್ಟಲ್ಲ, ನಾಲ್ಕರಷ್ಟು. ಅಲ್ಲಿ ಚಿಕ್ಕವನು ಬದುಕಿದ್ದರೂ ಯಾರಿಗೂ ಹೊಟ್ಟೆನೋವಿಲ್ಲ, ಆದರೆ ದೊಡ್ಡವನು ಕೊನೆ ಗಳಿಗೆಯಲ್ಲೂ ಮಿತ್ರನ ಸೆಂಟರ್‌ಗೆ ಕೈ ಹಾಕುತ್ತಾನೆ. ಒಬ್ಬ ಆಟಗಾರ ಯಾವ ಪದ್ಧತಿಯಲ್ಲಿ ಆಡಿ ಬೆಳೆದಿದ್ದಾನೆ ನೋಡಿದರೆ, ಆಟದ ಕೊನೆಯಲ್ಲಿ ಅವನು ಏನು ಮಾಡಬಹುದು ಅಂತ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಆದರೆ ನಾನು ಹೆಚ್ಚು ಹೊತ್ತು ಕಳೆಯುವುದು ಅವರು ಸೋತ ಪಂದ್ಯಗಳ ಮೇಲೆ. ಗೆದ್ದ ಪಂದ್ಯದಲ್ಲಿ ಎಲ್ಲರೂ ಜಾಣರೇ. ಎಂಟು ಸೆಂಟರ್ ಇದ್ದವನು ಮಿತ್ರನಿಂದ ಏಟು ತಿಂದು ಮೂರಕ್ಕೆ ಇಳಿದಾಗ ಏನು ಮಾಡುತ್ತಾನೆ? ನಾನು ನೋಡಿದಂತೆ ಇದರಲ್ಲಿ ಬಗೆಗಳಿವೆ. ಕೆಲವರು ಅಲ್ಲಿಗೇ ಆಟ ಬಿಟ್ಟು ಹೋಗುತ್ತಾರೆ. ಕೆಲವರು ಏಟು ಕೊಟ್ಟವನನ್ನು ಹಾಳು ಮಾಡುವುದೊಂದೇ ಗುರಿ ಅಂತ ಬೇರೆ ಯಾರಿಗೋ ಎಲ್ಲ ಬಾಗಿಲು ತೆರೆದು ಕೊಟ್ಟು, ಅವರನ್ನು 18ಕ್ಕೆ ತಲುಪಿಸುತ್ತಾರೆ. ಕೆಲವರು ಮಾತ್ರ ಮುಂದಿನ ಸರದಿಯಲ್ಲೇ ಏಟು ಕೊಟ್ಟವನ ಜೊತೆ ಮಾತಿಗೆ ಕೂತು, ಉಳಿದ ಮೂರನ್ನು ಹೇಗೆ ಉಳಿಸಿಕೊಳ್ಳಬಹುದು ನೋಡುತ್ತಾರೆ.

ಇದು ಯಾಕೆ ಮುಖ್ಯ ಅಂದರೆ, ಅವರ ಬೆನ್ನಿಗೆ ಚೂರಿ ಹಾಕಬೇಕೋ ಬೇಡವೋ, ಹಾಕಿದರೆ ಎಷ್ಟು ಆಳಕ್ಕೆ ಅನ್ನುವುದು ಇದರ ಮೇಲೇ ನಿಂತಿದೆ. ಸೇಡಿನವನಿಗೆ ಒಂದು ಸೆಂಟರ್‌ನ ಆಸೆಗೆ ಕೈ ಕೊಡಬಾರದು. ಕೊಟ್ಟರೆ ಒಂದೇ ವರ್ಷದಲ್ಲಿ ಮತ್ತೆ ಏಳದ ಹಾಗೆ ಮಾಡಲು ಆಗಬೇಕು, ಇಲ್ಲ ಅಂದರೆ ಮುಟ್ಟಲೇಬಾರದು. ಲೆಕ್ಕ ನೋಡುವವನ ಹತ್ತಿರ ಅಷ್ಟು ಹೆದರಿಕೆ ಬೇಡ. ಒಂದು ಸೆಂಟರ್ ಕಿತ್ತುಕೊಂಡು, ಎರಡು ವರ್ಷ ಬಿಟ್ಟು ಮತ್ತೆ ಒಟ್ಟಿಗೆ ಆಡಿದ್ದೂ ಇದೆ. ಆಟ ಬಿಟ್ಟು ಹೋಗುವವನ ಪಕ್ಕದಲ್ಲಿ ಇದ್ದರೆ, ಅವನು ಹೋಗುವ ಹೊತ್ತಿಗೆ ನನ್ನ ಪಡೆ ಅವನ ಗಡಿಯ ಹತ್ತಿರ ಇರಬೇಕು. ಇಲ್ಲದಿದ್ದರೆ ಆ ಖಾಲಿ ಸೆಂಟರ್‌ಗಳು ಬೇರೆಯವರ ಪಾಲು.

ಒಂದು ಪಂದ್ಯದ ಕತೆ ಹೇಳಿದರೆ ಸ್ಪಷ್ಟವಾಗುತ್ತದೆ. ನನಗೆ ಆಸ್ಟ್ರಿಯಾ ಬಂದಿತ್ತು. ಆಡಿದವರಿಗೆ ಗೊತ್ತು, ನಾಲ್ಕೂ ಕಡೆ ನೆರೆಹೊರೆಯವರಿರುವ ಕಷ್ಟದ ದೇಶ ಅದು. ಇಟಲಿಯ ವೆನಿಸ್, ನಮ್ಮ ಟ್ರಿಯೆಸ್ಟ್ ಎರಡೂ ಅಕ್ಕಪಕ್ಕ. ಇಡೀ ನಕ್ಷೆಯಲ್ಲಿ ಎರಡು ದೇಶಗಳ ತವರು ಸೆಂಟರ್‌ಗಳು ಹೀಗೆ ಅಂಟಿಕೊಂಡಿರುವುದು ಇಲ್ಲೊಂದೇ ಕಡೆ. ಇಟಲಿಯ ಆಟಗಾರ ಮೊದಲ ಸಂದೇಶದಲ್ಲೇ ತುಂಬಾ ಪ್ರೀತಿಯಿಂದ ಬರೆದಿದ್ದ. ಜರ್ಮನಿಯ ಮ್ಯೂನಿಕ್ ಮೇಲೆ ಹೋಗುತ್ತೇನೆ, ನಮ್ಮಿಬ್ಬರ ನಡುವಿನ ಟಿರೋಲಿಯಾ ಮೂಲಕ ದಾರಿ ಬೇಕು, ಬೇಜಾರಿಲ್ಲ ತಾನೇ ಅಂತ.

ಅವನ ಹಳೆಯ ಪಂದ್ಯಗಳಲ್ಲಿ ಇಟಲಿ ಸಿಕ್ಕಿದ್ದ ಆಟಗಳನ್ನು ಮಾತ್ರ ಆರಿಸಿ ನೋಡಿದೆ. 1901ರ ವಸಂತದಲ್ಲಿ ವೆನಿಸ್ ಸೈನ್ಯ ಟಿರೋಲಿಯಾಕ್ಕೆ, ರೋಮ್ ಸೈನ್ಯ ವೆನಿಸ್‌ಗೆ. ಶರತ್ಕಾಲದಲ್ಲಿ ಟಿರೋಲಿಯಾದ ಸಪೋರ್ಟ್‌ನಲ್ಲಿ ವೆನಿಸ್‌ನಿಂದ ಟ್ರಿಯೆಸ್ಟ್. ಬೇರೆ ಬೇರೆ ಪಂದ್ಯ, ಬೇರೆ ಬೇರೆ ಆಸ್ಟ್ರಿಯಾ, ಅದೇ ನಡೆ. ಸೆಂಟರ್ ಲೆಕ್ಕ ಶರತ್ಕಾಲ ಮುಗಿದ ಮೇಲೆ ನಡೆಯುವುದರಿಂದ ಏಟು ಬೀಳುವುದೂ ಆಗಲೇ. ವಸಂತದಲ್ಲಿ ಬರುವುದು ಬರೀ ನಗುಮುಖ.

ಇದನ್ನು ತಡೆಯಲು ಸರಳ ದಾರಿ ಇದೆ. ನನ್ನ ವಿಯೆನ್ನಾ ಸೈನ್ಯವನ್ನೂ ಟಿರೋಲಿಯಾಕ್ಕೇ ಕಳಿಸುವುದು. ಎರಡೂ ಸಮಬಲ, ಯಾರೂ ಒಳಗೆ ಹೋಗಲಾಗದೆ ಬೌನ್ಸ್ ಆಗುತ್ತದೆ. ವೆನಿಸ್ ಖಾಲಿಯಾಗುವುದಿಲ್ಲವಾದ್ದರಿಂದ ರೋಮ್ ಸೈನ್ಯಕ್ಕೂ ಅಲ್ಲಿ ಜಾಗವಿಲ್ಲ. ಒಂದೇ ಏಟಿಗೆ ಅವನ ಎರಡು ಸೈನ್ಯ ಇದ್ದಲ್ಲೇ ನಿಲ್ಲುತ್ತವೆ. ತೊಂದರೆ ಇರುವುದು ಬೇರೆ ಕಡೆ. ಆ ವಿಯೆನ್ನಾ ಸೈನ್ಯ, ನನಗೂ ರಷ್ಯಾಕ್ಕೂ ನಡುವಿನ ಗಲೀಷಿಯಾದಲ್ಲಿ ರಷ್ಯಾವನ್ನೂ ತಡೆಯಬೇಕು. ಇರುವುದು ಒಂದು ಸೈನ್ಯ, ಕಾಯಬೇಕಾದ್ದು ಎರಡು ಬಾಗಿಲು. ಬುಡಾಪೆಸ್ಟ್ ಸೈನ್ಯ ಸರ್ಬಿಯಾಕ್ಕೆ ಹೋಗಲೇಬೇಕು, ಇಲ್ಲವಾದರೆ ಮೊದಲ ವರ್ಷ ಹೊಸ ಸೆಂಟರ್ ಸೇರುವುದು ಕಷ್ಟ.

ಹಾಗಾಗಿ ರಷ್ಯಾದವನ ಜಾತಕ ತೆಗೆದೆ. ಅವನಿಗೆ ರಷ್ಯಾ ಬಂದಾಗಲೆಲ್ಲ ಕಣ್ಣು ಟರ್ಕಿಯ ಮೇಲೆ. ಸೆವಾಸ್ಟೊಪೋಲ್ ಹಡಗು ಕಪ್ಪು ಸಮುದ್ರಕ್ಕೆ, ಮಾಸ್ಕೋ ಸೈನ್ಯ ಸೆವಾಸ್ಟೊಪೋಲ್‌ಗೆ, ವಾರ್ಸಾ ಸೈನ್ಯ ಯುಕ್ರೇನ್‌ಗೆ. ಗಲೀಷಿಯಾ ಕಡೆ ತಿರುಗಿಯೂ ನೋಡಿರಲಿಲ್ಲ. ಅವನಿಗೆ ಒಂದೇ ಪ್ರಶ್ನೆ ಕೇಳಿದೆ: ರುಮೇನಿಯಾ ನಿನಗೆ, ಗಲೀಷಿಯಾ ಇಬ್ಬರಿಗೂ ಬೇಡ, ಆಗಬಹುದಾ? ಹತ್ತು ನಿಮಿಷದಲ್ಲಿ ಆಗಲಿ ಅಂತ ಉತ್ತರ ಬಂತು. ವಿಯೆನ್ನಾ ಸೈನ್ಯವನ್ನು ಟಿರೋಲಿಯಾಕ್ಕೆ ಕಳಿಸಿದೆ.

ಬೌನ್ಸ್ ಆಯಿತು. ವಾರ್ಸಾ ಸೈನ್ಯ ಯುಕ್ರೇನ್‌ಗೇ ಹೋಯಿತು. ಇಟಲಿಯವನಿಗೆ ಒಂದು ಸಾಲು ಬರೆದೆ, ಬೈಯಲಿಲ್ಲ: ಟಿರೋಲಿಯಾ ಖಾಲಿ ಇದ್ದರೆ ಇಬ್ಬರಿಗೂ ನೆಮ್ಮದಿ, ನಿನ್ನ ಹಡಗನ್ನು ಟ್ಯುನಿಸ್ ಕಡೆ ತಿರುಗಿಸು, ಆಮೇಲೆ ಟರ್ಕಿ ವಿಷಯ ಮಾತಾಡೋಣ. ಅವನು ಸೋತ ಪಂದ್ಯಗಳನ್ನೂ ನೋಡಿದ್ದೆ, ಲೆಕ್ಕದ ಮನುಷ್ಯ. ಒಪ್ಪಿಕೊಂಡ. ಕೊನೆಗೆ ಅದು ಮೂವರ ಡ್ರಾ ಆಯಿತು. ಆ ಮೂವರಲ್ಲಿ ಅವನೂ ಇದ್ದ.

ಇದರಲ್ಲಿ ಹದ ತಪ್ಪಬಾರದು. ಟರ್ಕಿಯಾಗಿ ತಾಳ್ಮೆಯಿಂದ ಆಡಿದವನು ಆಸ್ಟ್ರಿಯಾ ಬಂದರೂ ಹಾಗೇ ಆಡುತ್ತಾನೆ ಅಂತಿಲ್ಲ. ಮೂಲೆಯ ದೇಶದಲ್ಲಿ ಕೂತರೆ ಯಾರಿಗಾದರೂ ತಾಳ್ಮೆ ಬರುತ್ತದೆ. ಐದು ನಿಮಿಷಕ್ಕೊಂದು ಸರದಿ ಇರುವ ವೇಗದ ಪಂದ್ಯ ನೋಡಿ, ಎರಡು ದಿನಕ್ಕೊಂದು ಸರದಿಯ ಪಂದ್ಯದಲ್ಲಿ ಏನು ಮಾಡುತ್ತಾನೆ ಅಂತ ಹೇಳಲೂ ಆಗುವುದಿಲ್ಲ. ತುಂಬಾ ಹಳೆಯ ಪಂದ್ಯ ಬಿಟ್ಟುಬಿಡಿ, ಜನ ಕಲಿಯುತ್ತಾರೆ. ಒಂದೇ ಪಂದ್ಯದಿಂದ ತೀರ್ಮಾನಕ್ಕೂ ಬರಬೇಡಿ.

ಹೆಸರು ಮುಚ್ಚಿರುವ ಪಂದ್ಯದಲ್ಲಿ ಈ ಯಾವುದೂ ಇಲ್ಲ. ಅಲ್ಲಿ ಇರುವುದು ಮೊದಲ ಸಂದೇಶ ಮಾತ್ರ. ಉದ್ದ ನೋಡಿ ಮೋಸ ಹೋಗಬಾರದು. ನಾನು ಹುಡುಕುವುದು ಊರಿನ ಹೆಸರು. ‘ನಾವಿಬ್ಬರೂ ಚೆನ್ನಾಗಿರೋಣ’ ಅನ್ನುವವನು ಅದನ್ನೇ ಆರು ಜನರಿಗೂ ಕಳಿಸಿರುತ್ತಾನೆ. ‘ಬರ್ಗಂಡಿಯಲ್ಲಿ ಬೌನ್ಸ್ ಮಾಡೋಣ’ ಅನ್ನುವವನು ನಕ್ಷೆ ನೋಡಿ, ನನಗಾಗಿ ಬರೆದಿದ್ದಾನೆ. ಬೇರೆಯವರು ಹೇಳಿದ್ದನ್ನು ಮೊದಲ ದಿನವೇ ನನಗೆ ತಂದು ಕೊಡುವವನು ನಾನು ಹೇಳಿದ್ದನ್ನೂ ಅವರಿಗೆ ಕೊಟ್ಟಿರುತ್ತಾನೆ. ಅವನ ಬಾಯಿಗೆ, ಎಲ್ಲರಿಗೂ ಗೊತ್ತಾದರೂ ಪರವಾಗಿಲ್ಲ ಅನ್ನುವಂಥದ್ದನ್ನು ಮಾತ್ರ ಹಾಕುತ್ತೇನೆ. ಅದು ತುಂಬಾ ಉಪಯೋಗಕ್ಕೆ ಬರುತ್ತದೆ, ಅಲ್ವಾ?

2022ರಲ್ಲಿ ಮೆಟಾ ಕಂಪನಿ ಸಿಸೆರೊ ಅನ್ನುವ ಎಐಯನ್ನು ಇಂಥದೇ ಹೆಸರಿಲ್ಲದ ವೇಗದ ಲೀಗ್‌ನಲ್ಲಿ 40 ಪಂದ್ಯ ಆಡಿಸಿತು. ಒಂದಕ್ಕಿಂತ ಹೆಚ್ಚು ಪಂದ್ಯ ಆಡಿದವರಲ್ಲಿ ಅದು ಮೇಲಿನ ಶೇ. 10ರೊಳಗೆ ಬಂತು. ನನಗೆ ಕುತೂಹಲ ಅನಿಸಿದ್ದು ಅದರ ಕ್ರಮ. ನಕ್ಷೆ, ಮಾತುಕತೆ ಎರಡನ್ನೂ ನೋಡಿ, ಪ್ರತಿಯೊಬ್ಬ ಆಟಗಾರ ಈ ಸರದಿ ಏನು ಮಾಡಬಹುದು ಅಂತ ಮೊದಲು ಊಹಿಸುತ್ತಿತ್ತು, ಆಮೇಲೆ ತನ್ನ ನಡೆ. ಸಂದೇಶ ಬರೆಯುತ್ತಿದ್ದುದು ಅದಾದ ಮೇಲೆ. ನಮ್ಮಲ್ಲಿ ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಉದ್ದುದ್ದ ಸಂದೇಶ, ಆಮೇಲೆ ಯೋಚನೆ.

ಒಂದು ಗೆರೆ ಮಾತ್ರ ದಾಟಬಾರದು. ಹಳೆಯ ಆರ್ಡರ್ ಓದುವುದು ಬೇರೆ, ಹೋದ ಪಂದ್ಯದ ಸೇಡನ್ನೋ ಸ್ನೇಹವನ್ನೋ ಈ ಪಂದ್ಯಕ್ಕೆ ತರುವುದು ಬೇರೆ. ಎರಡನೆಯದು ಹೆಚ್ಚಿನ ಕಡೆ ನಿಯಮಕ್ಕೆ ವಿರುದ್ಧ. ಹೊರಗಿನ ಗೆಳೆಯನ ಜೊತೆ ಸೇರಿ ಆಡುವುದೂ ಅಷ್ಟೇ. ನನ್ನ ಟಿಪ್ಪಣಿಯಲ್ಲಿ ‘ನನಗೆ ಮೋಸ ಮಾಡಿದ್ದ’ ಅನ್ನುವ ಸಾಲು ಇರುವುದಿಲ್ಲ, ‘ಶರತ್ಕಾಲದಲ್ಲಿ ತಿರುಗಿ ಬೀಳುತ್ತಾನೆ’ ಅಂತ ಇರುತ್ತದೆ.

ಇನ್ನೊಂದು ವಿಷಯ. ನಾನು ಅವರನ್ನು ನೋಡುವ ಹಾಗೆ ಅವರೂ ನನ್ನನ್ನು ನೋಡುತ್ತಾರೆ. ಹಾಗಾಗಿ ಮೊದಲ ಸಂದೇಶ ಬರೆಯುವ ಮುಂಚೆ ನನ್ನ ಹಳೆಯ ಪಂದ್ಯಗಳನ್ನೂ ಅಪರಿಚಿತರ ಕಣ್ಣಿಂದ ಒಮ್ಮೆ ಓದುತ್ತೇನೆ. ಆಸ್ಟ್ರಿಯಾ ಬಂದಾಗಲೆಲ್ಲ ವಿಯೆನ್ನಾ ಸೈನ್ಯ ಟಿರೋಲಿಯಾಕ್ಕೇ ಹೋಗುತ್ತದೆ ಅಂತ ಅಲ್ಲಿ ಕಾಣುತ್ತಿದ್ದರೆ, ಯಾರಾದರೂ ರಷ್ಯಾ ಗಲೀಷಿಯಾದತ್ತ ಹೊರಡುವ ಮೊದಲು ಒಂದೆರಡು ಪಂದ್ಯದಲ್ಲಿ ಬೇರೆ ನಡೆ ಆಡುತ್ತೇನೆ.