ಐದು ಕಡೆಯ ಟ್ಯೂನಾ ಲೆಕ್ಕ ಒಂದು ಮಾಡಿದ್ದು

1950ರಿಂದ ಈಚೆಗೆ ಎಷ್ಟು ಟ್ಯೂನಾ ಹಿಡಿದರು, ಎಲ್ಲಿ ಹಿಡಿದರು ಅನ್ನುವುದನ್ನೆಲ್ಲ ಒಂದೇ ನಕ್ಷೆಗೆ ತರುವ ಕೆಲಸ ನನ್ನದು. ಅಂಕಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಅವು ಟ್ಯೂನಾ ಮೀನುಗಾರಿಕೆ ನೋಡಿಕೊಳ್ಳುವ ಐದು ಅಂತರರಾಷ್ಟ್ರೀಯ ಆಯೋಗಗಳ ಬಳಿ ಹಂಚಿಹೋಗಿವೆ. ಅಟ್ಲಾಂಟಿಕ್‌ಗೆ ಒಂದು, ಹಿಂದೂ ಮಹಾಸಾಗರಕ್ಕೆ ಒಂದು, ಪೆಸಿಫಿಕ್‌ಗೆ ಎರಡು, ದಕ್ಷಿಣದ ಬ್ಲೂಫಿನ್ ಅನ್ನುವ ಒಂದು ಜಾತಿಯ ಟ್ಯೂನಾಗೇ ಬೇರೆ ಒಂದು. ಸುಮ್ನೆ ಐದನ್ನೂ ಕೂಡಿಸಿದರೆ ಲೆಕ್ಕ ಉಬ್ಬುತ್ತದೆ. ಪೆಸಿಫಿಕ್‌ನ ಎರಡು ಆಯೋಗಗಳ ಗಡಿ ಒಂದು ಕಡೆ ಒಂದರ ಮೇಲೊಂದು ಬಿದ್ದಿದೆ. ಅಲ್ಲಿನ ಮೀನು ಇಬ್ಬರ ಪುಸ್ತಕದಲ್ಲೂ ಇರಬಹುದು. ಹಾಗಾಗಿ ಎರಡೆರಡು ಸಲ ಎಣಿಸಿದ್ದನ್ನು ತೆಗೆಯುವುದರಿಂದಲೇ ಶುರು ಮಾಡಿದೆ.

ನಕ್ಷೆಯನ್ನು ವರ್ಷ ವರ್ಷವಾಗಿ ಓಡಿಸಿದರೆ ಈ ಉದ್ಯಮ ಬೆಳೆದ ರೀತಿ ಕಣ್ಣಿಗೇ ಕಾಣುತ್ತದೆ. ಯುದ್ಧದ ನಂತರ ಜಪಾನಿನ ಬೋಟುಗಳಿಗೆ ಹಾಕಿದ್ದ ಗಡಿ 1952ರಲ್ಲಿ ಹೋಯಿತು. ಆ ದಶಕ ಮುಗಿಯುವ ಮೊದಲೇ ಅವರ ಲಾಂಗ್‌ಲೈನ್ (ಸಾಲಾಗಿ ಗಾಳ ಕಟ್ಟಿದ ಉದ್ದನೆಯ ಹಗ್ಗ) ಅಟ್ಲಾಂಟಿಕ್ ಮುಟ್ಟಿತ್ತು. ಅದೇ ಹೊತ್ತಿಗೆ ಪೂರ್ವ ಪೆಸಿಫಿಕ್‌ಗೆ ನೈಲಾನ್ ಬಲೆ, ಅದನ್ನು ಎಳೆಯುವ ಪವರ್ ಬ್ಲಾಕ್ ಯಂತ್ರ ಬಂದವು. ಕೋಲು, ಗಾಳ ಹಿಡಿದು ನಿಲ್ಲುತ್ತಿದ್ದ ಬೋಟುಗಳಲ್ಲಿ ಹೆಚ್ಚಿನವು ಮೀನಿನ ಗುಂಪನ್ನೇ ಬಲೆಯಿಂದ ಸುತ್ತುಗಟ್ಟುವ ಪರ್ಸಿನ್ ಬೋಟುಗಳಾದವು. 1980ರ ದಶಕದಲ್ಲಿ ಸ್ಪೇನ್, ಫ್ರಾನ್ಸಿನ ಹಡಗುಗಳು ಹಿಂದೂ ಮಹಾಸಾಗರದ ಸೀಶೆಲ್ಸ್ ದ್ವೀಪಗಳ ಸುತ್ತ ಬಲೆ ಬಿಟ್ಟವು. 1950ರಲ್ಲಿ ಹತ್ತು ಲಕ್ಷ ಟನ್ ಕೂಡ ಇರಲಿಲ್ಲ. ಈಗ ಮುಖ್ಯ ಜಾತಿಗಳೇ ಸುಮಾರು 50 ಲಕ್ಷ ಟನ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕಿಪ್‌ಜಾಕ್ ಅನ್ನುವ ಜಾತಿ.

ತಲೆ ತಿಂದದ್ದು ಜಾತಿಯ ಕಾಲಂ. ಮೀನು ಸೇರಲೆಂದು ಸ್ಯಾಟಲೈಟ್ ಬೋಯೆ (ಎಲ್ಲಿದೆ ಅಂತ ತಿಳಿಸುವ ತೇಲುಬುರುಡೆ) ಕಟ್ಟಿ ತೇಲಿಬಿಟ್ಟ ತೆಪ್ಪದ ಕೆಳಗೆ ಸ್ಕಿಪ್‌ಜಾಕ್ ಜೊತೆ ಯೆಲ್ಲೋಫಿನ್, ಬಿಗ್‌ಐ ಅನ್ನುವ ಬೇರೆ ಎರಡು ಜಾತಿಯ ಮರಿಗಳೂ ಸೇರಿರುತ್ತವೆ. ಆಗ ತಾನೇ ಹಿಡಿದ ಮರಿಯಾದರೆ ಹೊಟ್ಟೆ ನೋಡಿ ಹೇಳಬಹುದು. ಯೆಲ್ಲೋಫಿನ್‌ಗೆ ಒತ್ತೊತ್ತಾಗಿ ಬೆಳ್ಳಿ ಗೆರೆ, ನಡುನಡುವೆ ಚುಕ್ಕಿಸಾಲು. ಬಿಗ್‌ಐಗೆ ಗೆರೆ ಕಡಿಮೆ, ಅದೂ ಅಲ್ಲಲ್ಲಿ ಹರಿದಂತೆ. ಉಪ್ಪುನೀರಿನ ಟ್ಯಾಂಕಿನಲ್ಲಿ ಹೆಪ್ಪುಗಟ್ಟಿ ಬಂದ ಮೇಲೆ ಆ ಗೆರೆಗಳೆಲ್ಲ ಮಾಯ. ಆಗ ಹೊಟ್ಟೆ ಸೀಳಿ ಲಿವರ್ ನೋಡಬೇಕು: ನುಣುಪಾಗಿದ್ದರೆ ಯೆಲ್ಲೋಫಿನ್, ಅಂಚಿನಲ್ಲಿ ಗೀರುಗಳಿದ್ದರೆ ಬಿಗ್‌ಐ. ಟನ್ನುಗಟ್ಟಲೆ ಮೀನು ಸುರಿಯುವಾಗ ಹಡಗಿನ ಲೆಕ್ಕದ ಪುಸ್ತಕವಾದ ಲಾಗ್‌ಬುಕ್ ಬರೆಯುವವರಿಗೆ ಅಷ್ಟು ಪುರುಸೊತ್ತೆಲ್ಲಿ? ಹಾಗಾಗಿ ಬಿಗ್‌ಐ ಎಷ್ಟೋ ಸಲ ಬೇರೆ ಜಾತಿಯ ಹೆಸರಲ್ಲಿ ಸೇರಿಹೋಗುತ್ತದೆ.

ಇದಕ್ಕೆ ಮದ್ದು ಸ್ಯಾಂಪಲ್. ಅದರಲ್ಲೂ ಒಂದು ತೊಡಕಿದೆ. ರಾಶಿಯಿಂದ ಐದು ಮೀನು ಎತ್ತಿಕೊಳ್ಳಿ ಅಂದರೆ ವೀಕ್ಷಕರ (ಹಿಡಿದ ಮೀನಿನ ಲೆಕ್ಕ ನೋಡಲು ಹಡಗಿನಲ್ಲಿ ಹೋಗುವವರು) ಕೈ ತಾನಾಗಿ ದೊಡ್ಡದರ ಕಡೆ ಹೋಗುತ್ತದೆ. ಒಂದು ಡಬ್ಬಿ ತುಂಬಿಸಿ, ಅದರಲ್ಲಿ ಬಿದ್ದದ್ದನ್ನೆಲ್ಲ ಅಳೆಯುವ ಪದ್ಧತಿ ಬಂದದ್ದು ಇದಕ್ಕೇ. ಯಾವ ಫೈಲು ಸ್ಯಾಂಪಲ್ ನೋಡಿ ತಿದ್ದಿದ್ದು, ಯಾವುದು ಲಾಗ್‌ಬುಕ್ ಇದ್ದ ಹಾಗೇ ಅನ್ನುವುದು ಫೈಲಿನ ಜೊತೆಗಿನ ಟಿಪ್ಪಣಿಯಲ್ಲಿ ಇರುತ್ತದೆ. ದಯವಿಟ್ಟು ಅದನ್ನು ಓದಿ.

ಲಾಂಗ್‌ಲೈನ್ ಕಥೆ ಬೇರೆ. ಅಲ್ಲಿ ಬಹಳಷ್ಟು ಕಡೆ ತೂಕ ಇಲ್ಲ, ಬರೀ ಮೀನಿನ ಎಣಿಕೆ. ಸರಾಸರಿ ತೂಕದಿಂದ ಗುಣಿಸಿ ಟನ್ ಮಾಡಿದೆ. ಜಾಗವೂ ಐದು ಡಿಗ್ರಿ ಚೌಕದ ಮಟ್ಟಕ್ಕೆ ಮಾತ್ರ. ಸಮಭಾಜಕದ ಹತ್ತಿರ ಅಂಥ ಒಂದು ಚೌಕದ ಬದಿಯೇ 550 ಕಿಲೋಮೀಟರ್ ದಾಟುತ್ತದೆ. ಜಾಗವೇ ನಮೂದಾಗದ ಮೀನನ್ನು ಅದೇ ದೇಶ, ಅದೇ ಬಲೆ ಅಥವಾ ಗಾಳ, ಅದೇ ವರ್ಷದ ಚೌಕಗಳಿಗೆ ಹಂಚಿದೆ. ಸಿಗದಿದ್ದರೆ ದೇಶ ಬಿಟ್ಟೆ, ಆಮೇಲೆ ಹಿಂದುಮುಂದಿನ ವರ್ಷ ನೋಡಿದೆ. ಯಾವ ಟನ್ ಯಾವ ಹಂತದಲ್ಲಿ ಕೂತಿತು ಅಂತ ಬೇರೆ ಕಾಲಂನಲ್ಲಿ ಗುರುತಿಟ್ಟೆ. ಈ ಕಾಲಂ ಇಲ್ಲದ ನಕ್ಷೆ ನನ್ನ ಪ್ರಕಾರ ಬರೀ ಚಿತ್ರ.

ವರದಿಯಾಗದ ಮೀನನ್ನು ಮುಖ್ಯ ಕಾಲಂಗೆ ಸೇರಿಸಲಿಲ್ಲ. ಅದು ಸಣ್ಣ ಪ್ರಮಾಣ ಅಂತಲ್ಲ. ಜಪಾನಿನ ಮಾರುಕಟ್ಟೆಗೆ ಬಂದ ದಕ್ಷಿಣದ ಬ್ಲೂಫಿನ್‌ಗೂ ವರದಿಗೂ ತಾಳೆ ಆಗುವುದಿಲ್ಲ ಅನ್ನುವುದು 2006ರಲ್ಲಿ ಬಯಲಾಗಿ, ಮರುವರ್ಷದಿಂದ ಆ ದೇಶದ ಕೋಟಾ 3,000 ಟನ್ನಿಗೆ ಇಳಿಯಿತು. ಅಂಥ ಅಂದಾಜುಗಳಿಗೆ ಬೇರೆಯೇ ಪದರ ಮಾಡಿದೆ.

ಪಶ್ಚಿಮ ಪೆಸಿಫಿಕ್‌ನ ಉಷ್ಣವಲಯದಲ್ಲಿ 2010ರಿಂದ ಪರ್ಸಿನ್ ಹಡಗಿನಲ್ಲಿ ವೀಕ್ಷಕರು ಕಡ್ಡಾಯ. ಲಾಂಗ್‌ಲೈನ್‌ಗೆ ಅಲ್ಲಿ ವೀಕ್ಷಕರ ಗುರಿ ಇಟ್ಟಿದ್ದು ಶೇ 5 ಮಾತ್ರ. ಆ ಅಂಕಿಗಳ ಮೇಲೆ ಭರವಸೆ ಕಡಿಮೆ, ಅದಕ್ಕೇ ಲಾಂಗ್‌ಲೈನ್ ಚೌಕಗಳಿಗೆ ಮಾಸಲು ಬಣ್ಣ ಕೊಟ್ಟಿದ್ದೇನೆ.