ಪಾದರಸ ಬಿಟ್ಟ ಮೇಲೆ ನನ್ನ ಕ್ಲಿನಿಕ್‌ನಲ್ಲಿ

ಶಿವಮೊಗ್ಗ ಕಡೆಯ ಒಂದು ತಾಲೂಕು ಊರಿನಲ್ಲಿ ನಾನು ಹಲ್ಲಿನ ಡಾಕ್ಟರ್. ನಾವು ಓದುವಾಗ ಹುಳುಕು ಹಲ್ಲು ತುಂಬುವುದನ್ನು ಕಲಿತದ್ದೇ ಬೆಳ್ಳಿ ಫಿಲ್ಲಿಂಗ್‌ನಲ್ಲಿ. ಹೆಸರಿಗೆ ಬೆಳ್ಳಿ, ತೂಕದಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. ಅದನ್ನು ಪುಟ್ಟ ಕುಟ್ಟಾಣಿಯಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿ ಜಾಸ್ತಿಯಾದ ಪಾದರಸ ತೆಗೆಯುತ್ತಿದ್ದೆವು. ಹಿಂಡಿದಾಗ ಹೊರಬರುವ ಹೊಳೆಯುವ ಹನಿಗಳು ಟೇಬಲ್ ಮೇಲೆ ಉರುಳಿ ಎಲ್ಲೋ ಸಂದಿ ಸೇರುತ್ತಿದ್ದವು. ಸಂದಿ ಸೇರಿದ್ದು ಅಲ್ಲೇ ಕೂತು ನಿಧಾನವಾಗಿ ಆವಿಯಾಗುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ರೋಗಿ ಅರ್ಧ ಗಂಟೆ ಕೂತು ಎದ್ದುಹೋಗುತ್ತಾರೆ. ದಿನವಿಡೀ ಆ ಗಾಳಿಯಲ್ಲಿ ಇರುವವರು ಡಾಕ್ಟರ್ ಮತ್ತು ಅದನ್ನು ಕಲಸಿಕೊಡುವ ಹುಡುಗಿ. ನನ್ನ ಸಹಾಯಕಿ ಬಸುರಿ ಎಂದು ಗೊತ್ತಾದ ದಿನ ನಾನು ಪಾದರಸದ ಬಾಟಲಿ ಮುಚ್ಚಿದೆ. ಮತ್ತೆ ತೆಗೆಯಲಿಲ್ಲ.

ಆಗ ನಿಯಮದ ಒತ್ತಾಯ ಏನೂ ಇರಲಿಲ್ಲ. ಈಗ ಜಗತ್ತೇ ಆ ದಾರಿ ಹಿಡಿದಿದೆ. ಪಾದರಸದಿಂದ ನಲುಗಿದ ಜಪಾನಿನ ಮಿನಮಾಟಾ ಊರಿನ ಹೆಸರಿನ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಸೇರಿತು. 15 ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಬೆಳ್ಳಿ ಫಿಲ್ಲಿಂಗ್ ಹಾಕುವುದನ್ನು ತಡೆಯಬೇಕೆಂದು 2022ರಲ್ಲಿ ಸೇರಿಸಿದರು. ಯುರೋಪಿನ ಒಕ್ಕೂಟ 2025ರ ಜನವರಿಯಿಂದ ನಿಲ್ಲಿಸಿತು. 2034ರೊಳಗೆ ಎಲ್ಲ ಕಡೆ ನಿಲ್ಲಿಸಲು 2025ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಒಪ್ಪಿಗೆಯಾಗಿದೆ.

ಇದನ್ನೆಲ್ಲ ಮೊಬೈಲ್‌ನಲ್ಲಿ ನೋಡಿದವರು ಗಾಬರಿಯಿಂದ ಬರುತ್ತಾರೆ. "ಡಾಕ್ಟ್ರೇ, ನನ್ನ ಬಾಯಲ್ಲಿರೋ ನಾಲ್ಕನ್ನೂ ಇವತ್ತೇ ಕಿತ್ತುಬಿಡಿ" ಎನ್ನುತ್ತಾರೆ. ನಾನು ಕೀಳುವುದಿಲ್ಲ. ಗಟ್ಟಿಯಾಗಿ ಕೂತಿರುವ ಹಳೆಯ ಫಿಲ್ಲಿಂಗ್‌ನಿಂದ ಬರುವ ಆವಿ ತುಂಬಾ ಕಡಿಮೆ. ಅದನ್ನು ಕೊರೆಯುವ ಹೊತ್ತಿನಲ್ಲೇ ಆವಿ ಏರುವುದು. ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2020ರಲ್ಲಿ ಹೇಳಿದ್ದೂ ಇದನ್ನೇ: ಚೆನ್ನಾಗಿದ್ದರೆ ಸುಮ್ನೆ ತೆಗೆಯಬೇಡಿ.

ಒಡೆದಿದ್ದರೆ, ಅಂಚಿನಲ್ಲಿ ಮತ್ತೆ ಹುಳುಕು ಹಿಡಿದಿದ್ದರೆ ತೆಗೆಯಲೇಬೇಕು. ಆಗ ನಾನು ಮೊದಲು ಕಿಟಕಿ ತೆರೆಯುತ್ತೇನೆ, ಎಸಿ ಆರಿಸುತ್ತೇನೆ. ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿಯುತ್ತೇನೆ, ತುಣುಕು ಗಂಟಲಿಗೆ ಇಳಿಯುವುದಿಲ್ಲ. ಕೊರೆಯುವ ಯಂತ್ರಕ್ಕೆ ಹೊಸ ಬರ್, ಅಂದರೆ ಕೊರೆಯುವ ತುದಿ, ಹಾಕುತ್ತೇನೆ. ಹಳೆಯದು ಮೊಂಡಾಗಿರುತ್ತದೆ, ಉಜ್ಜುತ್ತದೆ, ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಆವಿ ಜಾಸ್ತಿ. ಪೂರ್ತಿ ಪುಡಿ ಮಾಡಲು ಹೋಗದೆ ನಡುವೆ ಅಡ್ಡಡ್ಡ ಗೀರಿ ತುಂಡು ತುಂಡಾಗಿ ಎಬ್ಬಿಸುತ್ತೇನೆ. ಈ ಉದ್ದಕ್ಕೂ ನೀರು ಧಾರಾಳವಾಗಿ ಹರಿಯುತ್ತಿರಬೇಕು, ದೊಡ್ಡ ಸಕ್ಷನ್ (ಹೀರುವ ನಳಿಕೆ) ಹಲ್ಲಿನ ಪಕ್ಕದಲ್ಲೇ ಇರಬೇಕು. ಸಾಮಾನ್ಯ ಮಾಸ್ಕ್ ಪುಡಿಯನ್ನು ಒಂದಿಷ್ಟು ತಡೆದೀತು, ಆವಿಯನ್ನು ತಡೆಯುವುದಿಲ್ಲ. ಹಾಗಾಗಿ ನೀರು, ಗಾಳಿ, ಸಕ್ಷನ್ ಇವನ್ನೇ ನಾನು ನಂಬಿರುವುದು.

ತೆಗೆದ ತುಂಡುಗಳದ್ದು ಇನ್ನೊಂದು ಕಥೆ. ಕಿತ್ತ ಹಲ್ಲನ್ನು ಹಳದಿ ಚೀಲಕ್ಕೆ ಹಾಕುವುದು ಎಲ್ಲರಿಗೂ ರೂಢಿ. ಆದರೆ ಹಳದಿ ಚೀಲ ಸುಡಲು ಹೋಗುತ್ತದೆ. ಬೆಳ್ಳಿ ಫಿಲ್ಲಿಂಗ್ ಇರುವ ಹಲ್ಲು ಅದರಲ್ಲಿದ್ದರೆ ಪಾದರಸ ಹೊಗೆಯಾಗಿ ಆಕಾಶಕ್ಕೆ, ಮಳೆಯಾಗಿ ಕೆರೆಗೆ, ಅಲ್ಲಿಂದ ಮೀನಿಗೆ. ಬೇಸಿನ್‌ಗೆ ತೊಳೆದರೂ ಅಷ್ಟೇ. ಅದಕ್ಕೆ ತುಂಡುಗಳನ್ನೂ ಅಂಥ ಹಲ್ಲುಗಳನ್ನೂ ಬಿಗಿ ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೊರಗೆ ಹೆಸರು ಬರೆದು, ಬೇರೆಯೇ ಇಡುತ್ತೇನೆ. ಅಪಾಯಕಾರಿ ಕಸ ಒಯ್ಯಲು ಪರವಾನಗಿ ಇರುವವರಿಗೆ ಮಾತ್ರ ಕೊಡುವುದು. ಸಣ್ಣ ಊರಿಗೆ ಅವರು ಬೇಗ ಬರುವುದಿಲ್ಲ, ಕಾಯಬೇಕು. ಈ ವ್ಯವಸ್ಥೆ ತಾಲೂಕು ಮಟ್ಟಕ್ಕೆ ಬರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಾದರಸ ಬಿಟ್ಟರೆ ಎಲ್ಲ ಸರಿಹೋಯಿತು ಎಂದಲ್ಲ. ಹಲ್ಲಿನ ಬಣ್ಣದ ಕಾಂಪೋಸಿಟ್ ನೀಲಿ ಬೆಳಕಿಗೆ ಗಟ್ಟಿಯಾಗುವ ರಾಳ. ಸರಿಯಾಗಿ ಗಟ್ಟಿಯಾಗದೆ ಉಳಿದ ರಾಳವೇ ಹಲ್ಲಿನ ನರಕ್ಕೂ ಒಸಡಿಗೂ ಕಿರಿಕಿರಿ. ಎರಡು ಮಿಲಿಮೀಟರ್‌ಗಿಂತ ದಪ್ಪ ಪದರ ನಾನು ಹಾಕುವುದಿಲ್ಲ, ಪ್ರತಿ ಪದರಕ್ಕೂ ಬೆಳಕು ಹಿಡಿಯುತ್ತೇನೆ. ಲೈಟಿನ ತುದಿಗೆ ಒಣಗಿದ ರಾಳ ಅಂಟಿದ್ದರೆ ಬೆಳಕು ಅರೆಬರೆ ಬೀಳುತ್ತದೆ, ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತೇನೆ. ಮುಗಿದ ಮೇಲೆ ಮೇಲಿನ ಜಿಗುಟು ಪದರವನ್ನು ಹತ್ತಿಯಿಂದ ಒರೆಸಿ, ಬಾಯಿ ಮುಕ್ಕಳಿಸಲು ಹೇಳುತ್ತೇನೆ. ಮಕ್ಕಳ ಹಾಲುಹಲ್ಲಿಗೆ ಫ್ಲೋರೈಡ್ ಬಿಡುವ ಗ್ಲಾಸ್ ಅಯೋನೊಮರ್ ಸಿಮೆಂಟ್ ಸಾಕು.

ಕ್ಯಾಪ್ ಹಾಕುವ ಮುಂಚೆ ಹೆಂಗಸರಿಗೆ ಒಂದು ಪ್ರಶ್ನೆ ಖಂಡಿತ ಕೇಳುತ್ತೇನೆ: "ಗಿಲೀಟು ಓಲೆ ಹಾಕಿದ್ರೆ ಕಿವಿ ಕೆರೆಯುತ್ತಾ ಅಮ್ಮಾ?" ಹೌದು ಎಂದರೆ ಅವರಿಗೆ ನಿಕ್ಕಲ್ ಆಗದಿರುವ ಸಾಧ್ಯತೆ ಇದೆ. ಕಡಿಮೆ ಬೆಲೆಯ ಲೋಹದ ಕ್ಯಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ನಿಕ್ಕಲ್ಲೇ. ಅವರಿಗೆ ಪಿಂಗಾಣಿಯಂಥ ಬಿಳಿ ಜಿರ್ಕೋನಿಯಾ ಕ್ಯಾಪ್ ಹೇಳುತ್ತೇನೆ, ಖರ್ಚು ಜಾಸ್ತಿ ಎಂದು ಮೊದಲೇ ತಿಳಿಸಿ.

ಹೀಗೆ ಕೇಳುವ ಅಭ್ಯಾಸವಾದ ಮೇಲೆ ಹಲ್ಲು ಬಿಟ್ಟು ಉಳಿದದ್ದನ್ನೂ ಕೇಳತೊಡಗಿದೆ. ಒಬ್ಬ ಮೇಷ್ಟ್ರು ಒಸಡು ಊದಿ ಹಲ್ಲನ್ನೇ ಮುಚ್ಚುತ್ತಿದೆ ಎಂದು ಬಂದರು. ಅವರ ಚೀಟಿಯಲ್ಲಿ ಅಮ್ಲೋಡಿಪಿನ್ ಇತ್ತು. ಬಿ.ಪಿ.ಗೆ ಒಳ್ಳೆಯ ಗುಳಿಗೆ, ಕೆಲವರಿಗೆ ಒಸಡು ಬೆಳೆಸುತ್ತದೆ. "ನೀವಾಗಿ ನಿಲ್ಲಿಸಬೇಡಿ ಮೇಷ್ಟ್ರೇ" ಎಂದು ಅವರ ಡಾಕ್ಟರಿಗೆ ಚೀಟಿ ಬರೆದೆ. ಗುಳಿಗೆ ಬದಲಾಯಿತು, ಇಲ್ಲಿ ಕ್ಲೀನಿಂಗ್ ಆಯಿತು, ಊತ ಇಳಿಯಿತು.

ಜಾಸ್ತಿ ಸಿಗುವುದು ಮಾತ್ರ ಶುಗರ್ ಇರುವವರು. ಗೆರೆ ಇರುವ ಮೊಂಡು ಸಲಾಕೆಯನ್ನು ಒಸಡಿನ ಸಂದಿಗೆ ಇಳಿಸಿದರೆ ಮೂರು ಮಿಲಿಮೀಟರ್‌ನಲ್ಲಿ ನಿಲ್ಲಬೇಕು. ಇವರಲ್ಲಿ ಆರು, ಏಳರವರೆಗೂ ಹೋಗುತ್ತದೆ, ಎತ್ತಿದ ಕೂಡಲೇ ರಕ್ತ. ನೋವಿಲ್ಲ ಎಂದು ಸುಮ್ಮನಿದ್ದಾರೆ. "ಕಾಲಿನ ಮೇಲೆ ಇಷ್ಟಗಲ ಹುಣ್ಣಿದ್ರೆ ಬಿಡ್ತಿದ್ರಾ?" ಎಂದು ಕೇಳಿದರೆ ತಕ್ಷಣ ಅರ್ಥವಾಗುತ್ತದೆ. ಒಸಡಿನ ಉರಿಯೂತ ಶುಗರ್ ಏರಿಸುತ್ತದೆ, ಏರಿದ ಶುಗರ್ ಒಸಡನ್ನು ಕೆಡಿಸುತ್ತದೆ. ಒಸಡಿನ ಚಿಕಿತ್ಸೆಯಾದ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಶುಗರ್ ಹೇಗಿತ್ತೆಂದು ಶೇಕಡಾ ಲೆಕ್ಕದಲ್ಲಿ ತೋರಿಸುವ ರಕ್ತಪರೀಕ್ಷೆ) ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಶುಗರ್ ಗುಳಿಗೆಯ ಬದಲಿಗೆ ಅಲ್ಲ, ಅದರ ಜೊತೆಗೆ. ಈಗ ನಾನು ಡೀಪ್ ಕ್ಲೀನಿಂಗ್‌ಗೆ ಮೊದಲು ಎಚ್‌ಬಿಎ1ಸಿ ಮಾಡಿಸಿ ಎನ್ನುತ್ತೇನೆ, ಮೂರು ತಿಂಗಳಿಗೆ ಇನ್ನೊಮ್ಮೆ.

ಹಾರ್ಟಿನ ಕೃತಕ ಕವಾಟ ಇದ್ದರೆ ಹಲ್ಲು ಕೀಳುವ ಮುಂಚೆ ಆಂಟಿಬಯೋಟಿಕ್ ಬೇಕಾಗುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ನಾನು ಅವರ ಡಾಕ್ಟರ ಹತ್ತಿರ ಮಾತಾಡುವವರೆಗೆ ರೋಗಿ ತಾನಾಗಿ ಅದನ್ನು ನಿಲ್ಲಿಸಬಾರದು. ಹಾಗಾಗಿ ಹಲ್ಲು ತೋರಿಸಲು ಬರುವಾಗ ಗುಳಿಗೆಯ ಚೀಟಿ, ಇಲ್ಲವೇ ಗುಳಿಗೆಯ ಖಾಲಿ ಪಟ್ಟಿಯನ್ನೇ ತನ್ನಿ. "ಬಿಳಿ ಗುಳಿಗೆ, ಚಿಕ್ಕದು" ಎಂದರೆ ನನಗೆ ಏನೂ ಗೊತ್ತಾಗುವುದಿಲ್ಲ.