ಎಲ್ಲರೂ ನಡೆಯುವ ದಾರಿಯನ್ನು ಪ್ರಶ್ನಿಸುವವರು ಜೊತೆಗಾರರನ್ನು ಹುಡುಕಿಕೊಳ್ಳುವುದು ಹೇಗೆ

ನನಗೆ 38 ವರ್ಷವಾಗಿದ್ದಾಗ ಕಚೇರಿಯಲ್ಲಿ ಬಡ್ತಿ ಬಂತು. ಬೇಡವೆಂದೆ. ಅದರ ಬದಲು ವಾರಕ್ಕೆ ಮೂರೇ ದಿನ ಕೆಲಸ ಕೊಡಿ, ಸಂಬಳವೂ ಅಷ್ಟಕ್ಕೇ ಇರಲಿ ಎಂದು ಅರ್ಜಿ ಬರೆದುಕೊಟ್ಟೆ. ಹದಿನಾಲ್ಕು ವರ್ಷ ಬೇರೆಯವರ ಲೆಕ್ಕಪತ್ರ ನೋಡಿದವಳು ನಾನು; ಒಂದು ರಾತ್ರಿ ಕೂತು ನನ್ನ ಬದುಕಿನ ಲೆಕ್ಕವನ್ನೂ ಹಾಕಿ ನೋಡಿದ್ದೆ. ಗಳಿಸಿದ್ದರಲ್ಲಿ ಬಹುಪಾಲು ಗಳಿಸುವ ಓಡಾಟಕ್ಕೆ, ಗಳಿಸಿದ ದಣಿವನ್ನು ಮರೆಯುವುದಕ್ಕೆ, ಗಳಿಸುತ್ತಿದ್ದೇನೆಂದು ನಾಲ್ಕು ಜನರಿಗೆ ತೋರಿಸುವುದಕ್ಕೆ ಹೋಗುತ್ತಿತ್ತು.

ಮರುದಿನ ಸಹೋದ್ಯೋಗಿಗಳು ನನ್ನ ಆರೋಗ್ಯ ವಿಚಾರಿಸಿದರು. ಅಕ್ಕ ಫೋನ್ ಮಾಡಿ, "ಏನಾದರೂ ತೊಂದರೆಯಿದ್ದರೆ ಹೇಳು, ಮುಚ್ಚಿಡಬೇಡ" ಎಂದಳು. ತೊಂದರೆಯೇನೂ ಇರಲಿಲ್ಲ. ಆದರೆ ಆ ಸಂಜೆ, ನಾನು ಮಾಡಿದ್ದನ್ನು ಹೇಳಿಕೊಳ್ಳಲು ಒಂದು ಜೀವವೂ ಇಲ್ಲವೆಂಬುದು ಮಾತ್ರ ಎದೆಗೆ ನಾಟಿತು. ಈಗ ಆರು ವರ್ಷ ಕಳೆದಿವೆ, ನನಗೆ ನಾಲ್ಕು ಜನ ಜೊತೆಗಾರರಿದ್ದಾರೆ. ಅವರು ಹೇಗೆ ಸಿಕ್ಕರು, ಎಲ್ಲಿ ಎಡವಿದೆ ಎಂಬುದನ್ನು ಅದೇ ಒಂಟಿತನದಲ್ಲಿರುವ ನಿಮಗಾಗಿ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. "ಈ ವ್ಯವಸ್ಥೆಯೇ ಸರಿಯಿಲ್ಲ" ಎಂಬ ಮಾತನ್ನು ಹಿಡಿದು ಹೊರಟರೆ ಯಾರೂ ಸಿಗುವುದಿಲ್ಲ, ಅಥವಾ ಎಲ್ಲರೂ ಸಿಗುತ್ತಾರೆ. ಹೌದೆಂದು ತಲೆಯಾಡಿಸದವರು ಯಾರಿದ್ದಾರೆ? ಒಂದು ನೋಟ್‌ಬುಕ್ ತೆಗೆದು, ನಿಮ್ಮನ್ನು ಕಾಡುವುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ನನ್ನ ಪುಟದಲ್ಲಿ ಹೀಗಿತ್ತು: ವಾರದ ಐದು ದಿನವನ್ನೂ ಮಾರಲೇಬೇಕೆ? ಮೂವತ್ತು ವರ್ಷದ ಸಾಲ ತಲೆಯ ಮೇಲೆ ಹೊತ್ತು ಮನೆ ಕೊಳ್ಳಬೇಕೆ? ಕೆಟ್ಟುಹೋದ ವಸ್ತುವನ್ನು ಎಸೆಯುವುದೇ ಏಕೆ ಸುಲಭವಾಗಿದೆ? ಪಕ್ಕದ ಮನೆಯವರ ಹೆಸರು ಏಕೆ ನನಗೆ ಗೊತ್ತಿಲ್ಲ?

ಬರೆದ ಮೇಲೆ ಪ್ರತಿ ಪ್ರಶ್ನೆಯ ಎದುರಿಗೆ, ಆ ರೂಢಿಗೆ ಎಷ್ಟು ವಯಸ್ಸಾಗಿದೆ ಎಂದು ಹುಡುಕಿ ಬರೆಯಿರಿ. ಇದು ನನಗೆ ಬಹಳ ಧೈರ್ಯ ಕೊಟ್ಟಿತು. ವಾರಕ್ಕೆ ಐದು ದಿನದ ದುಡಿಮೆಯನ್ನು ಫೋರ್ಡ್ ಕಂಪನಿ ತನ್ನ ಕಾರ್ಖಾನೆಗಳಲ್ಲಿ ಜಾರಿಗೆ ತಂದದ್ದು 1926ರಲ್ಲಿ. ಅಮೆರಿಕದಲ್ಲಿ ವಾರಕ್ಕೆ 40 ಗಂಟೆಯ ಮಿತಿಯ ಕಡೆಗೆ ಒಯ್ದ ಕಾನೂನು ಬಂದದ್ದು 1938ರಲ್ಲಿ. ಅದಕ್ಕೂ ಮೊದಲು ಆರು ದಿನದ ದುಡಿಮೆಯೇ ಪ್ರಕೃತಿ ನಿಯಮವೆಂಬಂತೆ ಜನ ಬದುಕಿದ್ದರು. ಅದನ್ನು ಪ್ರಶ್ನಿಸಿದವರನ್ನೂ ಸೋಮಾರಿಗಳೆಂದೇ ಕರೆದಿದ್ದರು. ನಾವು ಅನಾದಿಯೆಂದು ತಿಳಿದದ್ದು ಒಂದು ಶತಮಾನದ ಕೂಸು ಎಂದು ಗೊತ್ತಾದಾಗ ಪ್ರಶ್ನೆ ಕೇಳುವ ದನಿ ತಾನಾಗಿ ಗಟ್ಟಿಯಾಗುತ್ತದೆ, ಸಿಟ್ಟೂ ಇಳಿಯುತ್ತದೆ.

ಆಮೇಲೆ ಪಟ್ಟಿಯಿಂದ ಒಂದೇ ಒಂದನ್ನು ಆರಿಸಿಕೊಳ್ಳಿ, ಕೈಯಿಂದ ಏನಾದರೂ ಮಾಡಲು ಬರುವಂಥದ್ದನ್ನು. ನಾನು ಕೆಟ್ಟ ವಸ್ತುಗಳನ್ನು ಆರಿಸಿಕೊಂಡೆ. ಅಭಿಪ್ರಾಯವನ್ನು ಮುಂದಿಟ್ಟುಕೊಂಡು ಹುಡುಕಿದರೆ ವಾದಿಸುವವರು ಸಿಗುತ್ತಾರೆ. ಕೆಲಸವನ್ನು ಮುಂದಿಟ್ಟುಕೊಂಡರೆ, ಈಗಾಗಲೇ ಸದ್ದಿಲ್ಲದೆ ಬೇರೆ ಥರ ಬದುಕುತ್ತಿರುವವರು ಸಿಗುತ್ತಾರೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನೇ ನೋಡಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ತಮ್ಮ ಕಾಲದ ಕಟ್ಟಳೆಗಳನ್ನು ಅಷ್ಟು ಕಟುವಾಗಿ ಪ್ರಶ್ನಿಸಿದವರು ದೋಣಿ, ಬಟ್ಟೆ, ಹಗ್ಗದ ಹೆಸರಿನಿಂದಲೇ ನಮಗೆ ಪರಿಚಿತರು.

ಕೈಕೆಲಸದ ಜಾಗಗಳು ಎಲ್ಲ ಕಡೆಯೂ ಇರುತ್ತವೆ: ಬೀಜ ವಿನಿಮಯ, ಕೂಡಿ ಬೆಳೆಯುವ ತೋಟ, ಹಳೆಯ ಪುಸ್ತಕ ಕಟ್ಟುವವರ ಗುಂಪು, ದುರಸ್ತಿ ಕೂಟ. ಮಾರ್ಟಿನ್ ಪೋಸ್ಟ್ಮಾ ಎಂಬಾಕೆ 2009ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ 'ರಿಪೇರ್ ಕೆಫೆ' ನಡೆಸಿದರು. ಕೆಟ್ಟ ವಸ್ತು ತರುವವರು, ಸರಿಮಾಡಲು ಬರುವವರು, ನಡುವೆ ಒಂದು ಮೇಜು, ಅಷ್ಟೆ. ಅಂಥ ಕೂಟಗಳು ಈಗ ಹಲವು ದೇಶಗಳಲ್ಲಿವೆ. ಹತ್ತಿರದಲ್ಲಿ ಯಾವುದೂ ಇಲ್ಲದಿದ್ದರೆ ಮೇಜು ನೀವೇ ಹಾಕಿ.

ಅಂಥ ಒಂದು ಮೇಜಿನ ಮುಂದೆ ನನ್ನ ಮೊದಲ ಜೊತೆಗಾರರು ಸಿಕ್ಕರು. ಲೇತ್ ಯಂತ್ರದಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು. ನಾನು ಒಯ್ದದ್ದು ಬಿಸಿಯಾಗದ ಇಸ್ತ್ರಿ ಪೆಟ್ಟಿಗೆ. ಅವರು ಹಿಂಭಾಗದ ಒಂದೇ ಒಂದು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು, ವೈರನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. "ಸುಟ್ಟಿದೆ, ನೋಡಿ" ಎಂದು ನನ್ನ ಮುಂದೆ ಹಿಡಿದರು. ಪದೇ ಪದೇ ಬಾಗುವ ಜಾಗದಲ್ಲಿ ರಬ್ಬರ್ ಕಪ್ಪಾಗಿ ಗರಿಗರಿಯಾಗಿತ್ತು, ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು. ನಾಲ್ಕು ಬೆರಳಷ್ಟು ಕತ್ತರಿಸಿದರು, ಹೊಸ ತುದಿಯನ್ನು ಸುಲಿದರು, ಎಳೆಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಒಂದಾಗಿಸಿ ತಿರುಪಿನ ಕೆಳಗೆ ಬಿಗಿದರು. ವಾರಕ್ಕೆ ಮೂರೇ ದಿನ ಕೆಲಸ ಮಾಡುತ್ತೇನೆಂದು ಮಾತಿನ ನಡುವೆ ಹೇಳಿದ್ದೆ. ಆ ಹೊಸೆಯುವ ಕೆಲಸ ಮುಗಿಯುವಷ್ಟರಲ್ಲಿ, ತಲೆಯೆತ್ತದೆಯೇ ಕೇಳಿದರು: "ಮೂರು ದಿನದ ಸಂಬಳ ಸಾಲುತ್ತದೆಯೇ?"

ಅಷ್ಟು ದಿನಗಳಲ್ಲಿ, ತಿಳಿದುಕೊಳ್ಳಬೇಕೆಂದು ಕೇಳಿದ ಮೊದಲ ಮನುಷ್ಯ ಅವರು.

ಅವರದು ನನ್ನ ಅಭಿಪ್ರಾಯವಲ್ಲ. ಮಕ್ಕಳಿಗೆ ಭದ್ರವಾದ ನೌಕರಿ ಬೇಕೇ ಬೇಕೆನ್ನುವವರು, ಸ್ವಂತ ಮನೆಯಿಲ್ಲದ ಬದುಕು ಬದುಕಲ್ಲವೆನ್ನುವವರು. ಆದರೆ ಕೆಟ್ಟದ್ದನ್ನು ಎಸೆಯುವುದು ಅದನ್ನು ಮಾಡಿದವನ ಶ್ರಮಕ್ಕೆ ಮಾಡುವ ಅವಮಾನ ಎಂದು ನಂಬಿದವರು. ಆ ಒಂದು ನಂಬಿಕೆ ನಮ್ಮಿಬ್ಬರಿಗೆ ಸಾಕಾಯಿತು. ಸಮಾನಮನಸ್ಕರು ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂದು ಈಗ ನನಗೆ ಅನ್ನಿಸುತ್ತದೆ. ಮನಸ್ಸು ಪೂರ್ತಿ ಸಮಾನವಾಗಿರಬೇಕಾಗಿಲ್ಲ.

ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗಗಳು ಇದನ್ನೇ ಹೇಳುತ್ತವೆ. ಒಂದು ಗುಂಪಿಗೆ ಒಂದು ಗೆರೆ ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದವಿದೆ ಎಂದು ಕೇಳುವುದು. ಉತ್ತರ ಕಣ್ಣಿಗೆ ರಾಚುವಂತಿರುತ್ತಿತ್ತು. ಆದರೆ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಒಳಗುಟ್ಟು ಗೊತ್ತಿರಲಿಲ್ಲ. ಮೊದಲೇ ಹೇಳಿಕೊಟ್ಟಂತೆ ಉಳಿದವರೆಲ್ಲ ಒಂದೇ ತಪ್ಪು ಉತ್ತರ ಹೇಳಿದಾಗ, ಅಂಥ ಒಬ್ಬೊಬ್ಬರು ಕೊಟ್ಟ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗುಂಪಿನ ಕಡೆಗೆ ವಾಲಿದವು. ಸರಿ ಉತ್ತರ ಹೇಳುವ ಒಬ್ಬನೇ ಒಬ್ಬ ಜೊತೆಗಿದ್ದಾಗ ಆ ವಾಲುವಿಕೆ ಮೊದಲಿದ್ದದ್ದರ ಕಾಲು ಭಾಗಕ್ಕೆ ಇಳಿಯಿತು. ನನ್ನನ್ನು ಬೆರಗುಗೊಳಿಸಿದ್ದು ಅದರ ಮುಂದಿನದು: ಆ ಒಬ್ಬ ಗುಂಪಿಗಿಂತಲೂ ಹೆಚ್ಚು ತಪ್ಪಾದ ಬೇರೊಂದು ಉತ್ತರ ಹೇಳಿದಾಗಲೂ, ಪಕ್ಕದವನಿಗೆ ತನ್ನ ಕಣ್ಣನ್ನು ನಂಬುವ ಧೈರ್ಯ ಬಂತು. ನಮಗೆ ಬೇಕಾದದ್ದು ಒಂದು ಪಂಗಡವಲ್ಲ. ಎಲ್ಲರೂ ಹೇಳುವುದನ್ನೇ ಹೇಳದ ಒಬ್ಬರು.

ಆ ಒಬ್ಬರು ಎದುರಾದಾಗ ಗುರುತಿಸುವುದು ಹೇಗೆ? ನಿಮ್ಮ ಬದುಕಿನ ಬಗ್ಗೆ ಭಾಷಣ ಮಾಡಬೇಡಿ. ಮಾಡುತ್ತಿರುವುದನ್ನು ಒಂದು ವಾಕ್ಯದಲ್ಲಿ ಹೇಳಿ, ನಿಲ್ಲಿಸಿ. "ನಾನು ವಾರಕ್ಕೆ ಮೂರು ದಿನ ಕೆಲಸ ಮಾಡುತ್ತೇನೆ." ಆಮೇಲೆ ಬರುವ ಮಾತನ್ನು ಕಿವಿಗೊಟ್ಟು ಕೇಳಿ. ಕನಿಕರಪಡುವವರನ್ನು ಬಿಟ್ಟುಬಿಡಿ. ಹೊಗಳುವವರ ಬಗ್ಗೆಯೂ ಎಚ್ಚರವಿರಲಿ. "ನಿಮ್ಮಂಥ ಧೈರ್ಯ ನಮಗೆಲ್ಲಿ" ಎನ್ನುವವರು ಅಷ್ಟು ಹೇಳಿ ಕದ ಹಾಕಿಕೊಳ್ಳುತ್ತಾರೆ. ಬಾಡಿಗೆ ಹೇಗೆ ಕಟ್ಟುತ್ತೀರಿ, ಕಾಯಿಲೆ ಬಂದರೆ ಏನು ಮಾಡುತ್ತೀರಿ, ಮನೆಯವರು ಏನೆಂದರು ಎಂದು ಕೇಳುವವರು ನಿಮ್ಮವರು. ಆ ಪ್ರಶ್ನೆಗಳನ್ನು ಅವರು ತಮಗೂ ಕೇಳಿಕೊಳ್ಳುತ್ತಿರುತ್ತಾರೆ.

ನನ್ನ ಎರಡನೆಯ ಜೊತೆಗಾತಿ ಸಿಕ್ಕಿದ್ದು ಹಾಗೆಯೇ. ಒಂದೇ ಕಚೇರಿಯಲ್ಲಿ ನಾಲ್ಕು ವರ್ಷ ಎದುರುಬದುರು ಕೂತಿದ್ದೆವು! ನನ್ನ ಅರ್ಜಿಯ ಸುದ್ದಿ ಹಬ್ಬಿ ಎರಡು ತಿಂಗಳಾದ ಮೇಲೆ, ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದಳು: "ಅರ್ಜಿಯಲ್ಲಿ ಏನೆಂದು ಬರೆದಿರಿ?"

ಇನ್ನು ಸಮಯ. ಇದರಲ್ಲಿ ಬಹಳ ಜನ ಸೋಲುತ್ತಾರೆ, ಒಂದು ಒಳ್ಳೆಯ ಸಂಜೆ ಕಳೆದರೆ ಸ್ನೇಹವಾಯಿತೆಂದು ತಿಳಿಯುತ್ತಾರೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು, ಗೆಳೆತನ ಗಟ್ಟಿಯಾಗಲು 90, ಆಪ್ತತೆ ಬೆಳೆಯಲು 200ಕ್ಕೂ ಹೆಚ್ಚು. ವಾರಕ್ಕೆ ಎರಡು ಗಂಟೆಯಾದರೆ ಇನ್ನೂರು ಗಂಟೆಗೆ ನೂರು ವಾರ, ಹೆಚ್ಚುಕಡಿಮೆ ಎರಡು ವರ್ಷ. ಈ ಲೆಕ್ಕ ನೋಡಿ ನಾನು ಕುಗ್ಗಲಿಲ್ಲ, ನಿರಾಳಳಾದೆ. ಆರು ತಿಂಗಳಾದರೂ ಮನಸ್ಸು ಬಿಚ್ಚಿ ಮಾತಾಡಲಾಗುತ್ತಿಲ್ಲವಲ್ಲ ಎಂಬ ಕೊರಗು ಹೋಯಿತು. ಆದ್ದರಿಂದ ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ. ನಮ್ಮದು ಶನಿವಾರ ಸಂಜೆ ನಾಲ್ಕರಿಂದ ಆರು. "ಯಾವಾಗಲಾದರೂ ಸೇರೋಣ" ಎಂದವರು ಸೇರುವುದಿಲ್ಲ. ಕೈಗೆ ಏನಾದರೂ ಕೆಲಸವಿರಲಿ. ಕಣ್ಣಿಗೆ ಕಣ್ಣು ಕೊಟ್ಟು ಹೇಳಲಾಗದ ಮಾತು, ಕಣ್ಣು ಸೂಜಿಯ ಮೇಲಿರುವಾಗ ತಾನಾಗಿ ಬರುತ್ತದೆ.

ನಾನು ಎಡವಿದ್ದನ್ನೂ ಹೇಳಬೇಕು. ನಡುವೆ ಹನ್ನೊಂದು ತಿಂಗಳು ಇನ್ನೊಂದು ಗುಂಪಿನಲ್ಲಿದ್ದೆ. ಅಲ್ಲಿ ಎಲ್ಲರ ಅಭಿಪ್ರಾಯವೂ ನನ್ನದೇ. ಮೊದಲ ದಿನ ಕಣ್ಣಲ್ಲಿ ನೀರು ಬಂದಿತ್ತು, ಮನೆ ಸೇರಿದೆನೆಂದು. ಆದರೆ ಪ್ರತಿವಾರವೂ ಅದೇ ದೂರು: ದುಡಿಯುವವರು ಗುಲಾಮರು, ಕೊಳ್ಳುವವರು ಮೂಢರು. ನಾನು ಅಕ್ಕನನ್ನು ನೋಡುವ ಕಣ್ಣೇ ಬದಲಾಗಿತ್ತು. ಅವಳು ಹೊಸ ಸೋಫಾ ತೋರಿಸಿದಾಗ ನನ್ನ ಮುಖ ಗಂಟಾದದ್ದನ್ನು ಅವಳು ಗಮನಿಸಿದಳು, ಆಮೇಲೆ ಎರಡು ತಿಂಗಳು ಫೋನ್ ಮಾಡಲಿಲ್ಲ. ಮತ್ತೊಂದು ಸಂಗತಿ. ಸಭೆ ಮುಗಿದ ಮೇಲೆ ಲೋಟಗಳನ್ನು ತೊಳೆಯುತ್ತಿದ್ದವರು ಯಾವಾಗಲೂ ಅದೇ ಇಬ್ಬರು ಹೆಂಗಸರು. ಅದರಲ್ಲಿ ನಾನೊಬ್ಬಳು.

ಹಾಗಾಗಿ ಯಾವ ಗುಂಪಿಗೆ ಹೋದರೂ ತೊಳೆಯುವವರು ಯಾರು ಎಂದು ಮೊದಲು ನೋಡಿ. 1843ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬ್ರಾನ್ಸನ್ ಆಲ್ಕಾಟ್ ಮತ್ತು ಸಂಗಡಿಗರು ಫ್ರೂಟ್‌ಲ್ಯಾಂಡ್ಸ್ ಎಂಬ ಆದರ್ಶ ನೆಲೆ ಕಟ್ಟಿದರು. ಪ್ರಾಣಿಗಳ ದುಡಿಮೆ ಬೇಡ, ಗುಲಾಮರು ಬೆಳೆದ ಹತ್ತಿಯ ಬಟ್ಟೆ ಬೇಡ ಎಂಬ ಅವರ ನಿಲುವುಗಳನ್ನು ನಾನು ಗೌರವಿಸುತ್ತೇನೆ. ಆದರೆ ಕೊಯ್ಲಿನ ಹೊತ್ತಿಗೆ ಗಂಡಸರು ಎಲ್ಲೋ ಹೋಗಿದ್ದರೆಂದೂ, ಮಳೆ ಬರುವ ಮೊದಲು ಪೈರನ್ನು ಒಳಗೆ ತಂದವರು ಆಲ್ಕಾಟರ ಪತ್ನಿ ಮತ್ತು ಮಕ್ಕಳೆಂದೂ ಮಗಳು ಲೂಯಿಸಾ ಮುಂದೆ ಬರೆದಳು. ಏಳು ತಿಂಗಳಲ್ಲಿ ಆ ನೆಲೆ ಮುಗಿಯಿತು. 1967ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಆರಂಭವಾದ ಟ್ವಿನ್ ಓಕ್ಸ್ ಎಂಬ ಕೂಡಿ ಬಾಳುವವರ ನೆಲೆ ಇಂದಿಗೂ ನಡೆಯುತ್ತಿದೆ. ಅಲ್ಲಿ ಅಡುಗೆ, ಮಕ್ಕಳ ಆರೈಕೆ, ಹಣ ತರುವ ದುಡಿಮೆ ಎಲ್ಲವನ್ನೂ ಗಂಟೆಗೆ ಗಂಟೆ ಸಮವೆಂದು ಎಣಿಸುತ್ತಾರೆ.

ಹಣ ಕೇಳುವ, ಮನೆಯವರಿಂದ ದೂರವಾಗಲು ಹೇಳುವ, ಒಬ್ಬನ ಮಾತಿಗೆ ಯಾರೂ ಎದುರಾಡದ ಗುಂಪಿನಿಂದ ಆ ದಿನವೇ ಎದ್ದು ಬನ್ನಿ. ಒಂಟಿತನ ಹೆಚ್ಚಿದ್ದಾಗ ಇದು ಕಷ್ಟ, ಮೊದಲೇ ನಿಶ್ಚಯಿಸಿಕೊಂಡಿರಿ.

ನಾಲ್ವರಾದ ಮೇಲೆ ನಾವು ಕ್ವೇಕರ್ ಎಂಬ ಕ್ರೈಸ್ತ ಪಂಥದವರಿಂದ ಒಂದು ಪದ್ಧತಿ ಕಲಿತೆವು. ಅವರಲ್ಲಿ ಒಬ್ಬರು ದೊಡ್ಡ ನಿರ್ಧಾರದ ಮುಂದೆ ನಿಂತಾಗ ಐದಾರು ಮಂದಿ ನಂಬಿಕಸ್ಥರು ಸುತ್ತ ಕೂರುತ್ತಾರೆ. ಸಲಹೆ ಕೊಡುವಂತಿಲ್ಲ, ತಮ್ಮ ಅನುಭವ ಹೇಳುವಂತಿಲ್ಲ. ಪ್ರಾಮಾಣಿಕ ಪ್ರಶ್ನೆ ಮಾತ್ರ, ನಡುನಡುವೆ ಮೌನ. "ಹಾಗೆ ಮಾಡಬಹುದಿತ್ತಲ್ಲವೇ" ಎಂಬುದು ಪ್ರಶ್ನೆಯ ವೇಷದ ಸಲಹೆ, ಅದೂ ಬೇಡ. ನನ್ನ ಸರದಿ ಬಂದಾಗ ಮನೆ ಕೊಳ್ಳದಿರುವ ವಿಷಯ ಇಟ್ಟೆ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ನಿಮಗೆ ಮನೆ ಬೇಡವೋ, ಸಾಲ ಬೇಡವೋ?" ಎರಡು ವರ್ಷ ಓದಿ, ಬರೆದು, ವಾದಿಸಿದರೂ ಆ ಎರಡನ್ನು ನಾನು ಬೇರೆ ಮಾಡಿ ನೋಡಿರಲಿಲ್ಲ. ಆ ಸಂಜೆ ಉತ್ತರ ಹೇಳಲಾಗಲಿಲ್ಲ, ಯಾರೂ ಒತ್ತಾಯಿಸಲೂ ಇಲ್ಲ.

ಅಕ್ಕನ ಮನೆಗೆ ನಾನೇ ಹೋದೆ. ನನ್ನ ಮುಖ ಗಂಟಾದದ್ದು ತಪ್ಪೆಂದು ಹೇಳಿದೆ, ಆ ಸೋಫಾದ ಮೇಲೆಯೇ ಕೂತು. ಅವಳು ಎಂದೂ ನನ್ನ ದಾರಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹೊಸ ಜೊತೆ ಹುಡುಕುವಾಗ ಹಳೆಯ ನಂಟನ್ನು ಕಡಿದುಕೊಳ್ಳಬೇಡಿ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ 1845ರಲ್ಲಿ ವಾಲ್ಡನ್ ಕೊಳದ ಬಳಿ ಒಂಟಿಯಾಗಿ ಬದುಕಲು ಹೋದಾಗಲೂ ಗುಡಿಸಲಿದ್ದದ್ದು ಗೆಳೆಯ ಎಮರ್ಸನ್ನರ ಜಾಗದಲ್ಲಿ. ಅದರ ಚೌಕಟ್ಟು ಎತ್ತಿ ನಿಲ್ಲಿಸಲು ಪರಿಚಿತರು ಬಂದು ಕೈಜೋಡಿಸಿದ್ದರು. ಫ್ರೂಟ್‌ಲ್ಯಾಂಡ್ಸ್‌ನಲ್ಲಿ ಸೋತಿದ್ದ ಆಲ್ಕಾಟ್ ಕೂಡ ಅವರಲ್ಲೊಬ್ಬರು.

ಈ ವರ್ಷ ಹಿರಿಯರ ಕಣ್ಣು ಮಂಜಾಗಿದೆ, ಬೆರಳು ನಡುಗುತ್ತವೆ. ಹೋದ ಶನಿವಾರ ಯಾರೋ ಒಂದು ಟೇಬಲ್ ಫ್ಯಾನ್ ತಂದಿದ್ದರು. ನಾನು ಮುಚ್ಚಳ ಬಿಚ್ಚಿ ವೈರನ್ನು ಅವರ ಮೂಗಿನ ಹತ್ತಿರ ಹಿಡಿದೆ. ಮೂಸಿ, "ಇನ್ನೂ ಸ್ವಲ್ಪ ಮೇಲೆ ಕತ್ತರಿಸಿ" ಎಂದರು. ಕತ್ತರಿಸಿದೆ.